ಬ್ಯಾರನ್ನಿನಲ್ಲಿ ಬಡಿದ ಸಾವಿನ ತಮಟೆ

ಮೊದಲ ಏಟು ಕೊಟ್ಟವರು ಯಾರು ಎಂಬುದು ನನಗೆ ಖಚಿತವಿಲ್ಲ. ಬಂದವರು ಏಳು ಜನ ಎಂದು ನಾನು ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ಏಟು ತಿಂದವರು ಹನ್ನೊಂದು ಎಂದರು. ನನ್ನ ದೊಡ್ಡಪ್ಪ ಮೂರೇ ಜನ, ಅದೂ ಜಗಳ ಬಿಡಿಸಲು ಹೋದವರು ಎಂದರು. ಎಂ.ಎ.ಯಲ್ಲಿ ನಾನು ಓದಿದ್ದು ಮನಃಶಾಸ್ತ್ರ. ಮನಸ್ಸು ನೆನಪನ್ನು ಪ್ರತಿಸಲವೂ ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ತನಗೆ ಅನುಕೂಲವಾದ ಇಟ್ಟಿಗೆಗಳನ್ನೇ ಆರಿಸಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದವನು ನಾನು. ಆ ಉತ್ತರ ನನಗೂ ಅನ್ವಯಿಸುತ್ತದೆ ಎಂದು ಆಗ ಹೊಳೆದಿರಲಿಲ್ಲ. ಆದ್ದರಿಂದ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವೆಂದೇ ಬರೆಯುತ್ತೇನೆ.

ಮೈಸೂರಿನ ಒಂದು ರಾಕ್ ಬ್ಯಾಂಡಿನಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಆ ಬ್ಯಾಂಡು ಮುರಿದದ್ದು ಒಂದು ಕಾಲೇಜಿನ ವೇದಿಕೆಯ ಹಿಂದೆ. ನಮ್ಮ ಹಾಡುಗಾರ ಮೈಕ್ ಸ್ಟ್ಯಾಂಡ್ ಬೀಸಿ ಡ್ರಮ್ಮರನ ಹುಬ್ಬು ಸೀಳಿದ. ನಾನು ಹಾಡುಗಾರನ ಕತ್ತು ಹಿಡಿದೆ. ಅವನನ್ನು ಸ್ಪೀಕರ್ ಪೆಟ್ಟಿಗೆಗೆ ಎಷ್ಟು ಸಲ ಅಪ್ಪಳಿಸಿದೆನೋ ಲೆಕ್ಕವಿಲ್ಲ. ಹೊರಗೆ ಸಾವಿರಾರು ಹುಡುಗರು ಇನ್ನೊಂದು ಹಾಡು ಬೇಕೆಂದು ಕೂಗುತ್ತಿದ್ದರು. ಹಾಡುಗಾರ ಬಾಯಿಯ ರಕ್ತ ಉಗಿದು, "ನಮ್ಮನ್ನ ಬಿಟ್ಟು ನಿನ್ನ ಹೆಸರಲ್ಲಿ ಒಂದು ಹಾಡು ಮಾಡಿ ತೋರಿಸು ನೋಡೋಣ" ಎಂದ. ಅದನ್ನು ಅವನು ನಿಜವಾಗಿ ಅಂದನೋ, ಆಮೇಲೆ ನನ್ನ ಹಟಕ್ಕೆ ಕಾರಣ ಬೇಕಾಗಿ ನಾನೇ ಸೇರಿಸಿಕೊಂಡೆನೋ ಗೊತ್ತಿಲ್ಲ. ನನ್ನ ಹೆಸರಿನಲ್ಲಿ ಒಂದು ಆಲ್ಬಮ್ ಮಾಡಬೇಕೆಂಬ ಕಿಚ್ಚು ಹತ್ತಿದ್ದಂತೂ ಅಲ್ಲಿಂದ.

ಬೇಸ್ ನುಡಿಸುವವನಿಗೆ ಒಬ್ಬ ಬಡಿಯುವವನು ಬೇಕು. ಇಲ್ಲದಿದ್ದರೆ ಅವನು ಒಂಟಿ ಕಾಲಲ್ಲಿ ನಡೆದಂತೆ. ನನ್ನ ಬಡಿಯುವವರನ್ನು ನಾನು ಕಂಡದ್ದು ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹತ್ತಿರ, ಒಂದು ಶವಯಾತ್ರೆಯಲ್ಲಿ. ಆರು ತಮಟೆಗಳ ಮುಂದೆ ನಲವತ್ತು ದಾಟಿದ ಒಬ್ಬರು ಹಿಂದಕ್ಕೆ ಹೆಜ್ಜೆಯಿಡುತ್ತಾ, ಹೆಣದ ಕಡೆಗೇ ಮುಖ ಮಾಡಿ ಬಡಿಯುತ್ತಿದ್ದರು. ನಿಧಾನದ ಏಟು. ಎರಡು ಏಟಿನ ನಡುವೆ ಈಗ ಬಿದ್ದೇಬಿಡುತ್ತೇನೆ ಎನ್ನಿಸುವಷ್ಟು ಖಾಲಿ. ವಿಚಾರಿಸಿದರೆ ಅವರು ನಮ್ಮ ದೊಡ್ಡಪ್ಪನ ಊರಿನವರೇ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಆ ಊರಿನಲ್ಲಿ ನಮ್ಮದು ಮೇಲಿನ ಬೀದಿ, ಅವರದು ಕೆಳಗಿನ ಕೇರಿ. ರಜೆಯಲ್ಲೆಲ್ಲ ಆ ಊರಿಗೆ ಹೋಗಿದ್ದರೂ ನಾನು ಅವರ ಮುಖ ನೋಡಿರಲಿಲ್ಲ. ಅವರನ್ನು ಇಲ್ಲಿ ತಮಟೆಯಣ್ಣ ಎನ್ನುತ್ತೇನೆ. ನಾನು ಕರೆಯುತ್ತಿದ್ದುದು ಅಣ್ಣ ಎಂದು. ಅವರು ನನ್ನನ್ನು ಇಂದಿಗೂ "ಸಾ" ಎಂದೇ ಕರೆಯುತ್ತಾರೆ.

ಸ್ಟುಡಿಯೋಗೆ ಬದಲು ನಾನು ಆರಿಸಿದ್ದು ದೊಡ್ಡಪ್ಪನ ಬ್ಯಾರನ್. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಇಟ್ಟಿಗೆ ಕೋಣೆಗೆ ಒಂದು ಬಾಗಿಲು. ಒಳಗೆ ಸೊಪ್ಪಿನ ಕೋಲುಗಳನ್ನು ಸಾಲಾಗಿ ಜೋಡಿಸಲು ಅಡ್ಡಡ್ಡ ಮರಗಳು, ನೆಲದಲ್ಲಿ ಒಲೆಯ ಬಿಸಿ ಹರಿಯುವ ಕಬ್ಬಿಣದ ಕೊಳವೆ, ಎಲೆಯ ಬಣ್ಣ ನೋಡಲು ಗೋಡೆಯಲ್ಲಿ ಅಂಗೈಯಗಲದ ಗಾಜು. ಹರಾಜು ಮುಗಿದ ಮೇಲೆ ಬೇಸಿಗೆಯಲ್ಲಿ ಬ್ಯಾರನ್ ಖಾಲಿ ಬಿದ್ದಿರುತ್ತದೆ. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಮೂಲೆಗಳೆಲ್ಲ ತಿರುಗಿ ಬಡಿಯುತ್ತವೆ. ಎರಡು ಮೈಕುಗಳನ್ನು ತಮಟೆಯ ಹತ್ತಿರ ಇಟ್ಟೆವು, ಎರಡನ್ನು ಮೇಲಿನ ಅಡ್ಡಮರದಿಂದ ಎಡಕ್ಕೊಂದು ಬಲಕ್ಕೊಂದು ಇಳಿಬಿಟ್ಟೆವು. ತಂತಿಗಳು ಬಾಗಿಲ ಸಂದಿಯಿಂದ ಹೊರಟು ಪಕ್ಕದ ತಗಡಿನ ಶೆಡ್ಡಿಗೆ, ಒಂದೊಂದು ಮೈಕಿನ ಸದ್ದು ಏರಿಸಿ ಇಳಿಸುವ ಗುಂಡಿಗಳ ಪೆಟ್ಟಿಗೆಯ ಮೂಲಕ ನನ್ನ ಲ್ಯಾಪ್‌ಟಾಪಿಗೆ ಬರುತ್ತಿದ್ದವು. ನಾನು ಅಲ್ಲಿ ಕೂತು ಗಾಜಿನಿಂದ ಒಳಗೆ ನೋಡುತ್ತಾ ಬೇಸ್ ನುಡಿಸುವುದು, ರೆಕಾರ್ಡಿಂಗ್ ನೋಡಿಕೊಳ್ಳುವುದು ಮೈಸೂರಿನಿಂದ ಬಂದ ನನ್ನ ಗೆಳೆಯ, ಸೌಂಡ್ ಎಂಜಿನಿಯರ್.

ಮೊದಲ ದಿನವೇ ತಮಟೆಯಣ್ಣ ಹೆಡ್‌ಫೋನ್ ಕಿತ್ತು ನೆಲದ ಮೇಲಿಟ್ಟರು. ತಾಳ ತಪ್ಪದಿರಲಿ ಎಂದು ಕಿವಿಗೆ ಬಿಟ್ಟಿದ್ದ ಟಿಕ್ ಟಿಕ್ ಸದ್ದು ಅವರಿಗೆ ಆಗಲಿಲ್ಲ.

"ಈ ಗಡಿಯಾರನ ನನ್ ಕಿವೀಗ್ ಮಡಗ್ಬ್ಯಾಡಿ ಸಾ. ಅದೇಟೊಂದು ನೆಟ್ಟಗೆ ವಡೀತದೆ ಅಂದ್ರೆ ನಾನ್ಯಾಕೆ? ಅದುನ್ನೇ ಕೂರುಸ್ಕಂಡು ವಡಸ್ಕಳಿ."

ಅವರ ತಮ್ಮ ನಕ್ಕ. ಎರಡನೇ ತಮಟೆ ಅವನದು. "ಅದುಕ್ಕೆ ಬೀಡಿನೂ ಕೊಡಂಗಿಲ್ಲ ಕಣಣ್ಣೋ, ಸಾರ್‌ಗೆ ಉಳೀತದೆ."

ಟಿಕ್ ಟಿಕ್ ತೆಗೆದೆವು. ಅವರು ಬಡಿದದ್ದಕ್ಕೆ ನಾನು ನುಡಿಸುವುದೆಂದಾಯಿತು. ಇನ್ನೊಂದು ತೊಡಕು ಚರ್ಮದ್ದು. ತಮಟೆಯ ಕರುವಿನ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ಹದಿನೈದು ನಿಮಿಷಕ್ಕೆ ಅದು ತಣಿದು ಸ್ವರ ಇಳಿಯುತ್ತದೆ, ನನ್ನ ಗಿಟಾರಿನ ಶ್ರುತಿಗೆ ತಾಳೆಯಾಗುವುದಿಲ್ಲ. ಬ್ಯಾರನ್ ಹತ್ತಿರ ಬೆಂಕಿ ಹಾಕಕೂಡದೆಂದು ದೊಡ್ಡಪ್ಪನ ಕಟ್ಟಪ್ಪಣೆ. ಹಾಗಾಗಿ ಅಂಗಳದ ಆಚೆ ಹುಲ್ಲು ಉರಿಸಿ, ಕಾಯಿಸಿ, ಓಡಿ ಬಂದು ಬಡಿಯಬೇಕು. ದಿನಕ್ಕೆ ಹದಿನೈದು ಇಪ್ಪತ್ತು ಸಲ ಓಟ. ಹುಲ್ಲು ಉರಿಸುತ್ತಿದ್ದುದು ತಮಟೆಯಣ್ಣನ ಹೆಂಡತಿ. ಕೆ.ಆರ್. ನಗರದ ಕಡೆಯ ಹೆಣ್ಣುಮಗಳು, ನಾಲಿಗೆ ಬೆಂಕಿಗಿಂತ ಚುರುಕು.

ಆ ಕೋಣೆಯಲ್ಲಿ ಎರಡು ತಮಟೆ ಒಟ್ಟಿಗೆ ಬಡಿದರೆ ಅದನ್ನು ಕೇಳುವುದೆನ್ನಲಾಗದು, ಪೆಟ್ಟು ತಿಂದಂತೆ. ಎದೆಗೂಡು ಗುದ್ದಿಸಿಕೊಳ್ಳುತ್ತಿತ್ತು. ಮೂರನೆಯ ದಿನ ತಮ್ಮನ ಅಂಗೈ ಒಡೆದು ಕೋಲು ಜಾರತೊಡಗಿತು. ಬಟ್ಟೆ ಸುತ್ತಿಕೊಂಡು ಬಡಿದ. ಸಂಜೆ ಎಂಜಿನಿಯರ್ ತಮಟೆ ಒರೆಸಿದ ಬಟ್ಟೆ ಕೆಂಪಾಗಿತ್ತು. ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಕೊನೆಗೂ ನನಗೆ ಬೇಕಾದ ಸದ್ದು ಸಿಕ್ಕಿತ್ತು.

ಆದರೆ ರೆಕಾರ್ಡಿನಲ್ಲಿ ಅದು ಬರೀ ಗುಂಯ್ ಎನ್ನುತ್ತಿತ್ತು. ಒಂದು ಏಟಿನ ಬಾಲ ಇನ್ನೊಂದರ ತಲೆಯನ್ನು ನುಂಗುತ್ತಿತ್ತು. ಬ್ಯಾರನ್ನಿನ ಮೇಲ್ಗಡೆ ಹಬೆ ಹೋಗಲು ಮುಚ್ಚಳದಂಥ ಗಾಳಿಕಿಂಡಿ ಇದೆ, ಅದನ್ನು ತೆರೆದು ಗೋಡೆಗೆ ಗೋಣಿತಾಟು ಇಳಿಬಿಟ್ಟರೆ ಸದ್ದು ಬಿಡಿಬಿಡಿಯಾಗುತ್ತದೆ ಎಂದು ಎಂಜಿನಿಯರ್ ಹೇಳಿದ. ಐದನೆಯ ದಿನ ಬೆಳಿಗ್ಗೆ ನಾನೇ ಅಡ್ಡಮರ ಹತ್ತಿ ಕಿಂಡಿ ತೆರೆದೆ. ಸದ್ದು ಸ್ಪಷ್ಟವಾಯಿತು.

ಅದೇ ವಾರ ಊರಿನಲ್ಲಿ ಮಾರಿಹಬ್ಬಕ್ಕೆ ಸಾರು ಹಾಕಿಸಿದರು. ಎಂದರೆ, ಹಬ್ಬ ಇಂಥ ದಿನವೆಂದು ತಮಟೆ ಬಡಿದು ಬೀದಿ ಬೀದಿ ಸಾರಿದರು. ಸಾರಿದ್ದು ತಮಟೆಯಣ್ಣನೇ. ಅಂದಿನಿಂದ ಹಬ್ಬ ಮುಗಿಯುವವರೆಗೆ ಊರಿಗೆ ಕಟ್ಟುಪಾಡು: ಒಗ್ಗರಣೆ ಹಾಕಬಾರದು, ರಾತ್ರಿ ಊರು ಬಿಟ್ಟು ತಂಗಬಾರದು, ಇತ್ಯಾದಿ. ಎಂಜಿನಿಯರನಿಗೆ ನಾನು ಇದನ್ನೆಲ್ಲ ತಮಾಷೆಯಾಗಿ ವಿವರಿಸಿದ್ದು ನೆನಪಿದೆ.

ಏಳನೆಯ ದಿನ ಇಲಿ ಕಡಿದು ಕೆಳಗಿನ ಒಂದು ಮೈಕಿನ ತಂತಿ ಕೆಟ್ಟಿತು. ಊಟ ಮುಗಿಸಿ ಎಂಜಿನಿಯರ್ ರೆಕಾರ್ಡಿಂಗ್ ನನಗೆ ವಹಿಸಿ, ಹೊಸದನ್ನು ತರಲು ಕಾರಿನಲ್ಲಿ ಹುಣಸೂರಿಗೆ ಹೋದ. ಮುಂದಿನ ಹಾಡಿನ ಬೇಸ್ ಸಿದ್ಧವಿತ್ತು, ಅದಕ್ಕೆ ಯಾವ ಏಟೂ ಹೊಂದುತ್ತಿರಲಿಲ್ಲ. ಬೇಕಾದದ್ದು ಯಾವುದೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

"ಅಣ್ಣ, ಅವತ್ತು ಪಿರಿಯಾಪಟ್ಟಣದಲ್ಲಿ ಹೊಡೆದ್ರಲ್ಲ, ಅದು ಬೇಕು."

"ಯಾವುದು ಸಾ, ಸಾವಿಂದಾ?"

"ಹೂಂ."

"ಬ್ಯಾಡ ಕಣ್ ಸಾ. ಮೊನ್ನೆ ತಾನೇ ಸಾರು ಆಕಿವ್ನಿ. ಅಬ್ಬ ಮುಗಿಯಗಂಟ ಎಣ ಬಿದ್ರೂವೆ ತಮಟೆ ಇಲ್ದೇ ಎತ್ತಬೇಕು. ಅಂತಾದ್ರಲ್ಲಿ ಸುಮ್‌ಸುಮ್ಕೆ ವಡುದ್ರೆ ಊರಿಗೇ ಸಾವು ಕರುದಂಗೆ."

"ನೀವು ಅದನ್ನ ನಂಬ್ತೀರಾ?"

"ನಾನು ನಂಬಾದು ಬುಡಾದು ಇರ್ಲಿ. ನಂಬೋರು ಮ್ಯಾಗಲ್ ಬೀದಿ ತುಂಬ ಅವ್ರೆ." ಬೇರೆ ದಾರಿಯನ್ನೂ ಅವರೇ ಹೇಳಿದರು: "ಅಬ್ಬ ಕಳೀಲಿ. ಕೋಟೆ ಕಡೀಕೆ ಓಗವ. ಕಾಕನಕೋಟೆ ತಾವ ಕಾಡಂಚ್ನಲ್ಲಿ ವಡುದ್ರೆ ಆನೆ ಬುಟ್ರೆ ಇನ್ಯಾರೂ ಕೇಳಾಕಿಲ್ಲ. ಆನೆಗೆ ಸಾರು ಗೀರು ಇಲ್ಲ."

ನನಗೆ ಕಾಯುವ ಮನಸ್ಸಿರಲಿಲ್ಲ. ಗೋಡೆ ಒಂಬತ್ತು ಇಂಚು ದಪ್ಪವಿದೆ, ಬಾಗಿಲು ಮುಚ್ಚಿದರೆ ಆಚೆಗೆ ಏನೂ ಕೇಳುವುದಿಲ್ಲ ಎಂದು ವಾದಿಸಿದೆ. ತಲೆಯ ಮೇಲಿನ ಗಾಳಿಕಿಂಡಿ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಅದನ್ನು ತೆರೆದವನು ನಾನು. ಕೊನೆಗೆ ಅವರು ಟವೆಲ್ ಮಡಿಸಿ ಚರ್ಮದ ಹಿಂಬದಿಗೆ ತುರುಕಿ, ಸದ್ದು ಸಾಯಿಸಿಕೊಂಡು ಒಂದು ಸಲ ಬಡಿದರು. ಕೇಳಿದರೆ ಯಾರೋ ಹಾಸಿಗೆ ಕೊಡವಿದಂತೆ. ರೆಕಾರ್ಡಿಂಗ್ ಓಡುತ್ತಲೇ ಇತ್ತು, ನಾನು ಒಳಗೆ ಹೋಗಿ ಅವರ ಪಕ್ಕ ನಿಂತು ಬಟ್ಟೆ ತೆಗೆಯಿರಿ, ಒಂದೇ ಟೇಕ್ ಸಾಕು ಎಂದೆ. ಹಾಗೆ ಒತ್ತಾಯಿಸಿದೆನೋ, ತೆಗೆದರೆ ಹೇಗಿರುತ್ತದೆ ಎಂದು ಕೇಳಿದೆನಷ್ಟೆಯೋ, ಇದರ ಬಗ್ಗೆ ನನ್ನ ತಲೆ ಮುಂದೆ ಬಹಳ ದಿನ ಎರಡು ಕತೆ ಹೇಳಿತು.

ನಾನು ಶೆಡ್ಡಿಗೆ ಮರಳುವಷ್ಟರಲ್ಲಿ ಅವರು ಬಟ್ಟೆ ತೆಗೆದರು. ಬಡಿದರು. ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ನಾನು ಆವರೆಗೆ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ.

ಟೇಕ್ ಇನ್ನೂ ಮುಗಿದಿರಲಿಲ್ಲ, ಬಾಗಿಲು ಒದೆದುಕೊಂಡು ಜನ ನುಗ್ಗಿದರು. ಮುಂದೆ ಇದ್ದವನು ದೊಡ್ಡಪ್ಪನ ಮಗ. ಕೈಯಲ್ಲಿ ಸೊಪ್ಪು ಕಟ್ಟುವ ಕೋಲು. ಅಂಗಳದಲ್ಲಿ ಅದರ ರಾಶಿಯೇ ಇತ್ತು, ಬಂದವರೆಲ್ಲ ಒಂದೊಂದು ಎಳೆದುಕೊಂಡಿದ್ದರು.

"ಯಾರ್ಲಾ ಸತ್ತವ್ರೆ? ಯೋಳ್ಲಾ, ಯಾರ ಮನೇಲಿ ಎಣ ಅದೆ?"

"ಯಾರೂ ಇಲ್ಲ ಕಣಣ್ಣ..."

"ಯಾರೂ ಇಲ್ದೇ ಬಡುದ್ಯಾ? ಸಾರು ಆಕ್ದೋನು ನೀನೇ, ಊರಿಗೆ ಸಾವು ಬಡಿಯೋನೂ ನೀನೇನ್ಲಾ?"

ಗಾಜಿನ ಹಿಂದೆ ನಾನು ಕಂಡದ್ದು ತುಣುಕು ತುಣುಕು. ತಮ್ಮನ ತಲೆಯ ಮೇಲೆ ಕೋಲು ಮುರಿದದ್ದು. ಯಾರೋ ಕುಡುಗೋಲಿನಿಂದ ತಮಟೆಯ ಚರ್ಮ ಸೀಳಿದ್ದು. ಜಾತಿಯ ಹೆಸರು ಹಿಡಿದು ಬೈದದ್ದು. ಆ ಮಾತುಗಳನ್ನು ಠಾಣೆಯಲ್ಲಿ ಬರೆಸಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಇಬ್ಬರು ತಮಟೆಯಣ್ಣನನ್ನು ಬೋರಲು ಕೆಡವಿ, ಬಲಗೈಯನ್ನು ಕಬ್ಬಿಣದ ಕೊಳವೆಯ ಮೇಲೆ ಎಳೆದು ಹಿಡಿದರು. ದೊಡ್ಡಪ್ಪನ ಮಗ ಮಣಿಕಟ್ಟಿನ ಮೇಲೆ ಕೋಲಿನಿಂದ ಹೊಡೆದ. ಒಂದಲ್ಲ, ಮೂರು ಸಲ. ಮೂರನೆಯದಕ್ಕೆ ಕೊಳವೆ ಗಂಟೆಯಂತೆ ಸದ್ದು ಮಾಡಿತು.

ಆಮೇಲೆ ನಾನು ಒಳಗಿದ್ದೆ. ದೊಡ್ಡಪ್ಪನ ಮಗನನ್ನು ಹಿಂದಿನಿಂದ ಅಪ್ಪಿ ಎಳೆದೆ. ಅವನ ಮೊಣಕೈ ತಗುಲಿ ನನ್ನ ತುಟಿ ಒಡೆಯಿತು. ನನಗೆ ಬಿದ್ದ ಪೆಟ್ಟು ಅದೊಂದೇ, ಅದೂ ನನಗೆ ಗುರಿಯಿಟ್ಟದ್ದಲ್ಲ. ನನ್ನನ್ನು ಕಂಡ ಕೂಡಲೇ ಒಬ್ಬ ಕೋಲು ಇಳಿಸಿ, "ನೀನ್ ಯಾಕೆ ಇವರ ಜತೆ ಇಲ್ಲಿದ್ದೀಯಪ್ಪಾ, ಸರ್ಕೋ" ಎಂದ. ಅಷ್ಟು ಮೆತ್ತಗೆ. ಅಷ್ಟರಲ್ಲಿ ಎಂಜಿನಿಯರನ ಕಾರು ಅಂಗಳಕ್ಕೆ ಬಂತು. ಹೊರಗಿನವನನ್ನು ಕಂಡು ಜನ ಚದುರಿದರು. ಅಂಗಳದ ಆಚೆ ಹುಲ್ಲಿನ ಬೆಂಕಿಯ ಬಳಿ ತಮಟೆಯಣ್ಣನ ಹೆಂಡತಿಯನ್ನು ಇಬ್ಬರು ಜುಟ್ಟು ಹಿಡಿದು ಕೂರಿಸಿದ್ದರು. ಅವಳ ಸೆರಗಿನ ಅಂಚು ಹೊತ್ತಿ ಆರಿತ್ತು.

ಹುಣಸೂರಿನ ಆಸ್ಪತ್ರೆಯಲ್ಲಿ ತಮ್ಮನ ತಲೆಗೆ ಹೊಲಿಗೆ ಹಾಕಿದರು. ತಮಟೆಯಣ್ಣನ ಮಣಿಕಟ್ಟಿನ ಮೂಳೆ ಮೂರು ಕಡೆ ಮುರಿದಿತ್ತು, ಪ್ಲೇಟ್ ಹಾಕಬೇಕೆಂದರು. ಹೊರಗಿನ ಬೆಂಚಿನ ಮೇಲೆ ಅವರ ಹೆಂಡತಿ ನನ್ನನ್ನು ಕೇಳಿದಳು:

"ನಿಮ್ ಮಿಸನ್ನು ಇದೆಲ್ಲಾನೂ ಇಡ್ಕಂಡದಾ ಸಾ?"

"ಇಲ್ಲಮ್ಮ, ಕರೆಂಟ್ ಹೋಗಿತ್ತು" ಎಂದೆ.

ಯಾಕೆ ಹಾಗೆಂದೆ ಎಂದು ಬಹಳ ಯೋಚಿಸಿದ್ದೇನೆ. ರೆಕಾರ್ಡಿಂಗ್ ನಿಂತಿರಲಿಲ್ಲ. ಅದೆಲ್ಲ ತುಂಬಿದ್ದ ಡಿಸ್ಕ್ ಲ್ಯಾಪ್‌ಟಾಪಿನಿಂದ ಕಿತ್ತು ನನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಸಂಜೆ ದೊಡ್ಡಪ್ಪನಿಗೂ ಅದೇ ಸುಳ್ಳು ಹೇಳಿದೆ. ಅವರು ಉಸಿರು ಬಿಟ್ಟು, "ಒಳ್ಳೇದಾಯ್ತು ಬುಡು" ಎಂದರು.

ಮರುದಿನ ಊರಿನ ನ್ಯಾಯದಲ್ಲಿ ತೀರ್ಮಾನವಾಯಿತು. ತಮಟೆಯವನು ಕುಡಿದು ಬಂದು, ಊರಿಗೆ ಕೇಡಾಗಲಿ ಎಂದೇ ಸಾವಿನ ತಮಟೆ ಬಡಿದ. ಕೇಳಲು ಹೋದವರ ಮೇಲೆ ಕೈ ಮಾಡಿದ. ಇನ್ನು ಮೇಲೆ ಯಾವ ಕಾರ್ಯಕ್ಕೂ ಅವನನ್ನಾಗಲಿ ಅವನ ಮನೆಯವರನ್ನಾಗಲಿ ಕರೆಯಕೂಡದು. ತಮಟೆಯಣ್ಣ ಆಸ್ಪತ್ರೆಯಿಂದ ಕೊಟ್ಟಿದ್ದ ಪೊಲೀಸ್ ದೂರಿಗೆ ಇದೇ ಕತೆಯನ್ನು ನಮ್ಮವರು ಪ್ರತಿದೂರಾಗಿಯೂ ಕೊಟ್ಟರು. "ಸಾರೇ ಯೋಳುದ್ರು, ಅವರನ್ನೇ ಕೇಳಿ" ಎಂದು ತಮಟೆಯಣ್ಣ ಹೇಳಿದ್ದನ್ನು ಯಾರೂ ನಂಬಲಿಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ. ಅವರು ಕೇರಿ ಬಿಟ್ಟು ಹೆಂಡತಿಯ ತವರಿಗೆ, ಕೆ.ಆರ್. ನಗರದ ಕಡೆಗೆ ಹೋದರು. ಮುರಿದ ಕೈಯ ಜೊತೆ ಈಗ ಅವರ ಮಾತೂ ಸುಳ್ಳಾಗಿತ್ತು. ಅದನ್ನು ನಿಜ ಮಾಡಬಲ್ಲ ಒಂದೇ ವಸ್ತು ಮೈಸೂರಿನ ನನ್ನ ಕೋಣೆಯಲ್ಲಿ, ಪುಸ್ತಕಗಳ ಹಿಂದೆ ಇತ್ತು.

ಹನ್ನೊಂದು ದಿನ ನಾನು ಅದನ್ನು ಮುಟ್ಟಲಿಲ್ಲ. ಬೇರೆ ಹಾಡುಗಳನ್ನು ತಿದ್ದುತ್ತಾ ಕೂತೆ. ಹನ್ನೆರಡನೆಯ ದಿನ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ.

ನನ್ನ ದನಿ ಸ್ಪಷ್ಟವಾಗಿತ್ತು. "ಬಟ್ಟೆ ತೆಗೀರಿ ಅಣ್ಣ." ಅವರು, "ಬ್ಯಾಡ ಸಾ." ನಾನು, "ಯಾರಿಗೂ ಕೇಳಲ್ಲ, ನಾನಿದ್ದೀನಲ್ಲ." ಅವರು ಏನೋ ಗೊಣಗಿದರು. ನಾನು ಮತ್ತೆ, ಸ್ವಲ್ಪ ಗಡುಸಾಗಿ, "ಒಂದೇ ಟೇಕ್. ತೆಗೀರಿ." ಒತ್ತಾಯ ಹೌದೋ ಅಲ್ಲವೋ ಎಂಬ ನನ್ನ ಎರಡು ಕತೆಗಳಲ್ಲಿ ಒಂದು ಅಲ್ಲಿಗೆ ಸತ್ತಿತು. ಮುಂದೆ, ಏಟುಗಳ ನಡುವೆ, "ಸಾರೇ ಯೋಳುದ್ರು ಕಣಣ್ಣ, ಕೇಳಿ ಅವ್ರುನ್ನ, ಸಾ, ಯೋಳಿ ಸಾ" ಎಂದು ಅವರು ಕೂಗುವುದು ಕೇಳುತ್ತದೆ. ನನ್ನ ಉತ್ತರ ಅದರಲ್ಲಿಲ್ಲ. ಆಗ ನಾನು ಹೊರಗಿದ್ದೆ, ಮೈಕುಗಳು ಒಳಗಿದ್ದವು, ಹಿಡಿದಿರಲಾರವು ಎಂದುಕೊಂಡೆ.

ಫೈಲ್ ಅಳಿಸುವ ಬಟನ್ನಿನ ಮೇಲೆ ಬೆರಳಿಟ್ಟದ್ದು ನಿಜ. ಅಳಿಸಿದರೆ ದೊಡ್ಡಪ್ಪನ ಮನೆ ಉಳಿಯುತ್ತದೆ, ನಾನೂ ಉಳಿಯುತ್ತೇನೆ, ಆಲ್ಬಮ್ಮೂ ಹೇಗೋ ಮುಗಿಯುತ್ತದೆ. ತಡೆದದ್ದು ಧರ್ಮವಲ್ಲ, ನನಗೆ ಅಂಥ ನಂಬಿಕೆಗಳಿಲ್ಲ. ಅಳಿಸಿದ ಮೇಲೆ ನನ್ನ ತಲೆ ಈ ಕತೆಯನ್ನು ಹೇಗೆ ಹೇಳಿಕೊಳ್ಳುತ್ತದೆ ಎಂದು ಊಹಿಸಿದೆ. ಹತ್ತು ವರ್ಷದಲ್ಲಿ ಅವರು ನಿಜವಾಗಿಯೂ ಕುಡಿದು ಬಂದಿರುತ್ತಿದ್ದರು. ನಾನು ಬೇಡವೆಂದಿರುತ್ತಿದ್ದೆ. ಭಯವಾಯಿತು. ಎರಡು ಪ್ರತಿ ಮಾಡಿಕೊಂಡು ಕೆ.ಆರ್. ನಗರದ ಬಸ್ ಹತ್ತಿದೆ.

ತಮಟೆಯಣ್ಣ ಜಗುಲಿಯ ಮೇಲೆ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಅವರ ಹೆಂಡತಿಗೆ ಫೋನಿನಲ್ಲಿ ಕೇಳಿಸಿದೆ. ನನ್ನ ದನಿ ಬಂತು, ಅವರ ದನಿ ಬಂತು, ಬಾಗಿಲು ಒದ್ದ ಸದ್ದು ಬಂತು. ಅವಳು ಅರ್ಧಕ್ಕೆ ಫೋನ್ ಕೆಳಗಿಟ್ಟು ನನ್ನ ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ ಎಂದಿತು. ಇನ್ನೊಂದು ಕೆನ್ನೆಗೂ ಬಾರಿಸಿದಳು.

"ಕರೆಂಟ್ ಓಗಿತ್ತು ಅಂದ್ಯಲ್ಲೋ! ಆಸ್ಪತ್ರೇಲಿ ನನ್ ಮಕ ನೋಡ್ಕಂಡು ಅಂದ್ಯಲ್ಲೋ!"

"ಬುಡಮ್ಮಿ" ಎಂದರು ತಮಟೆಯಣ್ಣ. "ಈಗ ಬಂದದೆ ಕರೆಂಟು."

ಅವರು ನಕ್ಕರು. ನನಗೂ ಅವಳಿಗೂ ನಗಲಾಗಲಿಲ್ಲ. ಆಮೇಲೆ ಅವರು ನಗು ನಿಲ್ಲಿಸಿ, "ಇದುನ್ನ ಕೊಟ್ರೆ ನಿಮ್ ಮನೆಯೋರು ಜೈಲಿಗ್ ಓಯ್ತಾರೆ. ಯೋಚ್ನೆ ಮಾಡಿದ್ದೀರಾ?" ಎಂದು ಕೇಳಿದರು. ಹೂಂ ಎಂದೆ. "ಊರೊಳಕ್ಕೆ ಕಾಲಿಡಾಕಾಗಕಿಲ್ಲ ನೀವು." ಅದಕ್ಕೂ ಹೂಂ ಎಂದೆ. "ಅಂಗಾರೆ ನಡೀರಿ. ನನ್ ಕೈ ಓಗ್ಲಿ, ನಾನು ಸುಳ್ಳುಗಾರ ಅಲ್ಲ ಅಂತ ಒಂದ್ ಕಿತ ಎಲ್ಲಾರ್ಗೂ ಕೇಳುಸ್ಬೇಕು."

ಮರುದಿನ ಮೂವರೂ ಠಾಣೆಗೆ ಹೋದೆವು. ಡಿಸ್ಕನ್ನು ಸೀಲ್ ಮಾಡಿ ತೆಗೆದುಕೊಂಡರು. ನಾನು ಸಾಕ್ಷಿಯಾಗಿ ಹೇಳಿಕೆ ಬರೆಸಿದೆ: ಬಡಿಯಲು ಹೇಳಿದವನು ನಾನು, ಅವರು ಬೇಡವೆಂದರು, ನಾನು ಒತ್ತಾಯಿಸಿದೆ, ಜನ ನುಗ್ಗಿದ ಕೂಡಲೇ ನಾನು ಒಳಗೆ ಓಡಿ ಬಿಡಿಸಲು ಯತ್ನಿಸಿದೆ. ಓದಿ ಹೇಳಿದರು, ಸಹಿ ಹಾಕಿದೆ. ನಮ್ಮವರ ಪ್ರತಿದೂರು ಅಲ್ಲಿಂದ ಮುಂದೆ ಏಳಲಿಲ್ಲ. ದೊಡ್ಡಪ್ಪನ ಮಗ, ಇನ್ನೂ ನಾಲ್ವರು ಬಂಧನಕ್ಕೊಳಗಾದರು.

ಬ್ಯಾರನ್ನಿನಲ್ಲಿ ನನ್ನ ಗಿಟಾರ್, ಮೈಕುಗಳು ಉಳಿದಿದ್ದವು. ತರಲು ಹೋದೆ. ದೊಡ್ಡಪ್ಪ ಅಂಗಳದಲ್ಲೇ ನಿಲ್ಲಿಸಿ ಕೆನ್ನೆಗೆ ಹೊಡೆದರು. ಆ ತಿಂಗಳಲ್ಲಿ ನನ್ನ ಕೆನ್ನೆಗೆ ಅದು ಮೂರನೆಯದು.

"ಓದ್ಸುದ್ದು ಇದುಕ್ಕೇನ್ಲಾ? ಅಣ್ತಮ್ಮುನ್ನ ಇಡ್ಕೊಡಾಕೆ?"

"ಹೊಡೆದದ್ದು ಅವನೇ ದೊಡ್ಡಪ್ಪ."

"ವಡುಸ್ದೋನು ನೀನು ಕಣ್ಲಾ. ನೀನು ವಡಿ ಅನ್ದೇ ಇದ್ರೆ ಅವ್ನು ತಮಟೆ ಮುಟ್ತಿದ್ನಾ? ನನ್ ಮಗ ಕೋಲು ಮುಟ್ತಿದ್ನಾ?"

  ಅವರು ಒಳಗಿನಿಂದ ಗಿಟಾರ್ ತಂದು, ಒಲೆಯ ಬಾಯಿಯ ಕಲ್ಲಿಗೆ ಬೀಸಿ ಹೊಡೆದರು. ಕುತ್ತಿಗೆ ಮುರಿದು ತಂತಿಗಳಲ್ಲಿ ಜೋತಾಡಿತು. ಮತ್ತೆ ಹೊಡೆದರು. ಅರವತ್ತೈದು ದಾಟಿದ ಮನುಷ್ಯ, ಏದುಸಿರು ಬಿಡುತ್ತಾ, ಚೂರು ಉಳಿಯದ ಹಾಗೆ ಹೊಡೆದರು. ಮೈಕುಗಳನ್ನು ಮಾತ್ರ ಗೋಣಿಚೀಲಕ್ಕೆ ತುಂಬಿ ನನ್ನ ಕಾಲ ಬಳಿ ಎಸೆದರು.

ಮಳೆಗಾಲ ಕಳೆದ ಮೇಲೆ ತಮಟೆಯಣ್ಣನೇ ಫೋನ್ ಮಾಡಿದರು. "ಒಂದು ಬಾಕಿ ಅದೆಯಲ್ಲ ಸಾ. ಕೋಟೆ ಕಡೀಕೆ ಓಗವ." ಬಲಗೈಯ ಹಿಡಿತ ಮರಳಿರಲಿಲ್ಲ, ದಪ್ಪ ಕೋಲು ನಿಲ್ಲುತ್ತಿರಲಿಲ್ಲ. ತಮಟೆಗೆ ಎರಡು ಕೈ ಬೇಕು. ಬಲಗೈಯ ದಪ್ಪ ಕೋಲು ಏಟು ಕೊಟ್ಟರೆ ಎಡಗೈಯ ತೆಳುವಾದ ಬಿದಿರ ಸೀಳು ಅದಕ್ಕೆ ಜವಾಬು ಕೊಡುತ್ತದೆ. ಅಂತರಸಂತೆಯ ಆಚೆ, ಕಾಡಿನ ಕಂದಕದ ಈಚೆ ಒಂದು ಬಯಲಿನಲ್ಲಿ ಬೆಳಗಿನ ಹೊತ್ತು ಮೈಕ್ ನಿಲ್ಲಿಸಿದೆವು. ಅವರು ತಮಟೆಯನ್ನು ಹೆಗಲಿಗೆ ಹಾಕಿಕೊಂಡರು. ತಮ್ಮ ಅವರ ಬಲಕ್ಕೆ ಅಂಟಿಕೊಂಡು ನಿಂತು, ಅಣ್ಣನ ಕಂಕುಳ ಕೆಳಗಿನಿಂದ ತನ್ನ ಬಲಗೈ ತೂರಿಸಿದ. ಒಂದು ತಮಟೆ, ಇಬ್ಬರು ಮನುಷ್ಯರು. ಮೊದಲ ಹತ್ತು ಟೇಕ್ ಕೆಟ್ಟವು.

"ನಿನ್ ಕೈ ಯಾಕ್ಲಾ ಓಡೋಯ್ತದೆ? ನನ್ ಕೈ ಅಂತ ತಿಳ್ಕ."

"ನಿನ್ ಕೈ ಆಗಿದ್ರೆ ಬೀಡಿ ಇಡ್ಕಂಡಿರದು ಕಣಣ್ಣೋ, ಕೋಲಲ್ಲ."

ಹನ್ನೊಂದನೆಯದು ಕೂಡಿತು. ಎರವಲು ಗಿಟಾರಿನಲ್ಲಿ ನಾನು ನುಡಿಸಿದೆ. ಎರಡು ಏಟಿನ ನಡುವಿನ ಖಾಲಿ ಈಗ ಮೊದಲಿಗಿಂತ ಕೂದಲೆಳೆಯಷ್ಟು ಹೆಚ್ಚಾಗಿತ್ತು. ಅಣ್ಣನ ಎಡಗೈ ತಮ್ಮನ ಬಲಗೈಗೆ ಕಾಯುವ ಹೊತ್ತು ಅದು. ಎಂಜಿನಿಯರ್ ತಿದ್ದಲೇ ಎಂದ. ಬೇಡವೆಂದೆ. ಅಲ್ಲ, ಬೇಡವೆಂದವರು ತಮಟೆಯಣ್ಣ.

ಆಲ್ಬಮ್ಮಿನ ಮೇಲೆ ಯಾರ ಹೆಸರು ಎಂಬ ಮಾತು ಬಂದಾಗ ಅವರ ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು: "ನಿಮ್ದೇ ಎಸ್ರು ಆಕಳಿ ಸಾ. ವದೆ ತಿಂದೋರು ಇಂತಿಂತೋರು ಅಂತ ಕೆಳೀಕೆ ಬರೀರಿ." ಅಣ್ಣ, ತಮ್ಮ, ನಾನು, ಮೂರು ಹೆಸರುಗಳನ್ನೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದಲ್ಲಿ ಹಾಕಿದೆವು. ಕೆಲವರು ಕೇಳಿದರು, ಹೆಚ್ಚಿನವರು ಕೇಳಲಿಲ್ಲ. ಕೇಸು ನಡೆಯುತ್ತಿದೆ. ನಾನು ಇನ್ನೂ ಸಾಕ್ಷಿಕಟ್ಟೆ ಹತ್ತಿಲ್ಲ. ಜನ ನುಗ್ಗಿದ ಕೂಡಲೇ ಒಳಗೆ ಓಡಿದೆ ಎಂದು ಬರೆಸಿದ್ದನ್ನು ಅಲ್ಲಿ ಪ್ರಮಾಣ ಮಾಡಿ ಹೇಳಬೇಕು.

ಹತ್ತುವ ಮುನ್ನ ಒಂದು ಸಲ ಎಲ್ಲ ಸರಿಯಾಗಿ ನೋಡಿಕೊಳ್ಳೋಣವೆಂದು ಹೋದ ತಿಂಗಳು ನನ್ನ ಬಳಿಯ ಪ್ರತಿಯನ್ನು ಮೊದಲಿನಿಂದ ಕೇಳಿದೆ. ಬಾಗಿಲು ಒದ್ದ ಸ್ವಲ್ಪ ಹೊತ್ತಿಗೆ ಕೂಗಾಟ ಇದ್ದಕ್ಕಿದ್ದಂತೆ ತಗ್ಗುತ್ತದೆ. ಹೊಡೆಯುವವರು ಒಂದು ಕ್ಷಣ ಹಿಂಜರಿದರು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ವಕೀಲರಿಗೂ ಹಾಗೇ ಹೇಳಿದ್ದೆ. ಎಂಜಿನಿಯರನಿಗೆ ಕಳಿಸಿ ಕೇಳಿದೆ. ಎರಡು ದಿನ ಬಿಟ್ಟು ಅವನು ಫೋನ್ ಮಾಡಿದ. ದೂರದಲ್ಲಿ ಒಂದು ಪಂಪ್‌ಸೆಟ್ಟಿನ ಸದ್ದು ಉದ್ದಕ್ಕೂ ಇದೆ, ಅದೂ ಅದೇ ಕ್ಷಣ ಅಷ್ಟೇ ತಗ್ಗಿದೆ ಎಂದ. ಜನ ಹಿಂಜರಿದರೆ ಪಂಪ್‌ಸೆಟ್ ತಗ್ಗುವುದಿಲ್ಲ. ಸದ್ದು ಮಿತಿಮೀರಿ ರೆಕಾರ್ಡಿಂಗ್ ಒಡೆಯದಿರಲೆಂದು ಯಾರೋ ಶೆಡ್ಡಿನಲ್ಲಿ ಕೂತು ಮೇಲಿನ ಎರಡು ಮೈಕುಗಳ ಗುಂಡಿ ತಿರುಗಿಸಿದ್ದಾರೆ. ಎಡ ಮೈಕಿನದು ಮೊದಲು, ಬಲದ್ದು ಮೂರು ಸೆಕೆಂಡಿನ ನಂತರ. ಕೊಳವೆ ಸದ್ದು ಮಾಡುವುದು ಅದಾದ ಮೇಲೆ.

ನಾನೇ ಮತ್ತೆ ಅಳೆದು ನೋಡಿದೆ. ಅವನು ಹೇಳಿದ್ದು ಸರಿ. ಅವನ ಕಾರು ಆಗ ಇನ್ನೂ ಬಂದಿರಲಿಲ್ಲ. ಶೆಡ್ಡಿನಲ್ಲಿ ಇದ್ದವನು ನಾನೊಬ್ಬನೇ.